ಪೊಜ್ನಾನಿನಲ್ಲಿ ತಿರುಗಿ ಕೂತ ಪದರ

ಕೊಗನೊಳ್ಳಿಯ ಚಹಾ

ವಿದೇಶಕ್ಕೆ ಹೋಗಿ ಬಂದವರು ಒಂದು ತಿಂಗಳಾದರೂ ಅದೇ ಮಾತಾಡುತ್ತಾರೆ. ನಾನು ಬಂದು ಒಂದೂವರೆ ವರ್ಷವಾಯಿತು. ಕೇಳಿದವರಿಗೆಲ್ಲ "ಛಲೋ ಇತ್ತರಿ, ಥಂಡಿ ಭಾಳ" ಎಂದು ಎರಡು ಮಾತಿನಲ್ಲಿ ಮುಗಿಸಿದ್ದೇನೆ. ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಪೋಲೆಂಡಿನಲ್ಲಿ ಮೂರು ತಿಂಗಳು ಇದ್ದು ಏನು ಮಾಡಿದೆ ಎಂದು ಪೂರ್ತಿ ಹೇಳುತ್ತಿರುವುದು ಇದೇ ಮೊದಲು.

ಹೊರಟಿದ್ದು ಸೆಪ್ಟೆಂಬರಿನ ಮೊದಲ ವಾರ. ಅಥಣಿಯಿಂದ ಅವ್ವ, ಅಣ್ಣ ಹಿಂದಿನ ದಿನವೇ ಬಂದಿದ್ದರು. ನಮ್ಮದು ಅಥಣಿಯ ಚಪ್ಪಲಿ ಮಾಡುವ ಮನೆ. ಅಣ್ಣ ತೊಗಲು ಕೊಯ್ಯುತ್ತಾನೆ, ಅವ್ವ ಹೊಲಿಯುತ್ತಾಳೆ, ಮೇಲಿನ ಹೆಣಿಕೆ ಹಾಕುತ್ತಾಳೆ. ಅವ್ವ ಎರಡು ಜೋಡಿ ಹೊಸ ಚಪ್ಪಲಿ ತಂದಿದ್ದಳು. ಒಂದು ನನ್ನನ್ನು ಕರೆಸಿಕೊಂಡ ಪ್ರೊಫೆಸರರಿಗೆ, ಇನ್ನೊಂದು ಅಲ್ಲಿ ನನ್ನ ಜೊತೆ ಕೆಲಸ ಮಾಡಬೇಕಿದ್ದ ಹುಡುಗಿಗೆ.

"ಅಳತಿ ಗೊತ್ತಿಲ್ದ ಹೆಂಗ ಮಾಡಿದಿ ಅವ್ವಾ?"

"ಫೋಟೋ ತೋರಿಸಿದ್ದಿಯಲ್ಲ. ಆಳಿನ ಎತ್ತರ ನೋಡಿದ್ರ ಕಾಲು ಗೊತ್ತಾಗ್ತೈತಿ."

"ದೊಡ್ಡದಾದ್ರ?"

"ದೊಡ್ಡದಾದ್ರ ಮೋಜಾ ಹಾಕ್ಕೋತಾರ. ಥಂಡಿ ದೇಶ ಅಂತ ನೀನ ಹೇಳಿದಿ."

ಎರಡೂ ಜೋಡಿಯನ್ನು ಅವಳು ನಮ್ಮ ಪದ್ಧತಿಯಂತೆ ದಾರದಲ್ಲಿ ಕಟ್ಟಿದ್ದಳು. ನಮ್ಮ ಮನೆಗಳಲ್ಲಿ ಜೋಡಿಯನ್ನು ಒಂದೇ ದಿಕ್ಕಿಗೆ ಇಟ್ಟು ಕಟ್ಟುವುದಿಲ್ಲ. ಒಂದರ ಮೂತಿಗೆ ಇನ್ನೊಂದರ ಹಿಮ್ಮಡಿ ಬರಬೇಕು. ಜಾಗ ಕಡಿಮೆ ಹಿಡಿಯುತ್ತದೆ, ಹೆಬ್ಬೆರಳು ತೂರಿಸುವ ಉಂಗುಷ್ಠ ಅಮುಕಿ ಹೋಗುವುದಿಲ್ಲ. ತೊಗಲಿನ ಮೇಲೆ ಅಂಗಾಲು ಕೊಯ್ಯುವಾಗಲೂ ಹೀಗೆಯೇ ಗುರುತು ಮಾಡುತ್ತಾರೆ, ಚೂರು ವ್ಯರ್ಥವಾಗದಿರಲಿ ಎಂದು. ನಾನು ಆರು ವರ್ಷದವಳಿದ್ದಾಗಿಂದ ಅಂಗಳದಲ್ಲಿ ಕೂತು ಜೋಡಿ ಕಟ್ಟಿದವಳು. ನಿದ್ದೆಗಣ್ಣಿನಲ್ಲಿ ಎರಡು ಚಪ್ಪಲಿ ಕೈಗೆ ಕೊಟ್ಟರೂ ಹಾಗೆಯೇ ಇಡುತ್ತೇನೆ.

ಅಣ್ಣ ಕೊಲ್ಹಾಪುರದವರೆಗೆ ಬಿಡಲು ಬಂದ. ನಿಪ್ಪಾಣಿ ಮುಗಿದು ಗಡಿಯ ಕೊಗನೊಳ್ಳಿ ಬಂದಾಗ ಗಾಡಿ ನಿಲ್ಲಿಸಿದ. "ಎರಡ ಚಾ ಕೊಡ್ರಿ, ಸಾಖರ ಕಮ್ಮಿ" ಎಂದು ಕನ್ನಡದಲ್ಲಿ ಶುರುವಾದ ಅವನ ಮಾತು, ಕಪ್ಪು ಕೆಳಗಿಡುವಷ್ಟರಲ್ಲಿ "ಮಸ್ತ ಝಾಲಾ" ಎಂದು ಮರಾಠಿಗೆ ಮುಟ್ಟಿತ್ತು. ಚಹಾದವನೂ ಯಾವ ಮಾತಿಗೆ ಯಾವ ಮಾತು ಎಂದು ನೋಡದೆ ಉತ್ತರಿಸುತ್ತಿದ್ದ.

"ನೀ ಅಲ್ಲಿ ಮಾಡಾಕ ಹೊಂಟಿದ್ದು ಏನು ಅಂತ ನಾಕ ಮಂದಿ ಕೇಳಿದ್ರ ಏನ ಹೇಳ್ಲಿ?" ಅಣ್ಣ ಕೇಳಿದ.

"ಕಾಂತ ಗೊತ್ತೈತಲ್ಲ, ಉತ್ತರ ದಕ್ಷಿಣ ಇರ್ತೈತಿ. ಹಂಗ ಕೆಲವು ವಸ್ತುದಾಗ ವಿದ್ಯುತ್ತಿಂದೂ ಮ್ಯಾಲ-ಕೆಳಗ ಇರ್ತೈತಿ. ಎರಡೂ ಒಂದರಾಗ ಇರೂದು ಅಪರೂಪ. ಅದಕ್ಕ ಅಣು ದಪ್ಪದ ಹಾಳಿ ಒಂದರ ಮ್ಯಾಲ ಒಂದು ಇಟ್ಟು ನಾವ ಕಟ್ಟತೀವಿ. ಹಂಗ ಕಟ್ಟಿದ್ರ, ವಿದ್ಯುತ್ತು ತಿರುಗಿಸಿದ್ರ ಕಾಂತಾನೂ ಬದಲಾಗ್ತೈತಿ. ಮುಂದ ಯಾವತ್ತರ ಮೊಬೈಲು, ಕಂಪ್ಯೂಟರು ಬಿಸಿ ಆಗದಂಗ ಮಾಡಬಹುದು."

"ಅಂದ್ರ ಈ ಚಾದವನಂಗ. ಎರಡ ಭಾಷಾ ಒಂದ ಬಾಯಾಗ. ಒಂದರಾಗ ಕೇಳಿದ್ರ ಇನ್ನೊಂದರಾಗ ಹೇಳ್ತಾನ."

ನಾನು ಇಪ್ಪತ್ತು ಪುಟದ ಅರ್ಜಿಯಲ್ಲಿ ಒದ್ದಾಡಿ ಬರೆದದ್ದನ್ನು ಅವನು ಅರ್ಧ ಕಪ್ಪಿನಲ್ಲಿ ಮುಗಿಸಿದ. ನಗುತ್ತ ಗಾಡಿ ಹತ್ತಿದೆವು.

ಪೊಜ್ನಾನ್, ಮೊದಲ ವಾರ

ಪೊಜ್ನಾನ್ ಪೋಲೆಂಡಿನ ಪಶ್ಚಿಮಕ್ಕಿರುವ ಊರು. ಸ್ಟೇಷನ್ನಿನಲ್ಲಿ ಸುವರ್ಣಾ ಎಂದು ನನ್ನ ಹೆಸರು ಬರೆದ ರಟ್ಟು ಹಿಡಿದು ತೆಳ್ಳನೆಯ ಉದ್ದದ ಹುಡುಗಿ ನಿಂತಿದ್ದಳು. ಅವಳ ಹೆಸರು ಕಾಶಾ. ನಮ್ಮ ಅಥಣಿ ಓಣಿಯಲ್ಲಿ ಕಾಶಿನಾಥ ಎಂಬುವನನ್ನು ಎಲ್ಲರೂ ಕಾಶ್ಯಾ ಎನ್ನುತ್ತಾರೆ, ಎಮ್ಮೆ ಕಾಯುವ ದಪ್ಪ ಮನುಷ್ಯ. ಅದನ್ನು ಹೇಳಿದಾಗ ಅವಳು ನಕ್ಕು, ಅವನ ಎಮ್ಮೆಗಳ ಹೆಸರೇನು ಎಂದು ಕೇಳಿದಳು. ಮೊದಲ ದಿನವೇ ನನಗೆ ಅವಳು ಹಿಡಿಸಿದಳು.

ಅಲ್ಲಿನ ಜನ "ಹೇಗಿದ್ದೀರಿ" ಎಂದರೆ ಸುಮ್ಮನೆ ಚೆನ್ನಾಗಿದ್ದೇನೆ ಎನ್ನುವುದಿಲ್ಲ. ಮಂಡಿನೋವು, ಸೋರುವ ನಲ್ಲಿ, ಸರಕಾರ, ಮೋಡ ಎಲ್ಲವನ್ನೂ ಹೇಳುತ್ತಾರೆ. ನಮ್ಮಲ್ಲಿ ಮನೆ ಬಿದ್ದಿದ್ದರೂ "ನಡದೈತ್ರಿ" ಎನ್ನುತ್ತೇವೆ. ಎರಡನೇ ವಾರಕ್ಕೆ ನಾನೂ ಅವರಂತೆ ನನ್ನ ಹಲ್ಲುನೋವು ಹೇಳತೊಡಗಿದೆ. ಮನಸ್ಸಿಗೆ ಹಗುರವಾಗುತ್ತಿತ್ತು.

ಊರ ನಡುವೆ ಹಳೆಯ ಪುರಸಭೆಯ ಕಟ್ಟಡವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರದ ಮೇಲಿನ ಕಿಟಕಿ ತೆರೆದು ಎರಡು ಲೋಹದ ಹೋತಗಳು ಹೊರಬಂದು ಹನ್ನೆರಡು ಸಲ ಹಾಯ್ದಾಡಿ ಒಳಗೆ ಹೋಗುತ್ತವೆ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಕತ್ತು ಎತ್ತಿ ಎಣಿಸುತ್ತಾರೆ. ನಮ್ಮ ರಾಯಬಾಗದ ಕುರಿಸಂತೆಯಲ್ಲಿ ಇದನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ, ಆದರೆ ಅಲ್ಲಿ ನಾನೂ ಎಣಿಸಿದೆ. ಊಟಕ್ಕೆ ಬೇಯಿಸಿದ ಬಟಾಟಿ, ಮೇಲೆ ಈರುಳ್ಳಿ ಹಾಕಿದ ಗಟ್ಟಿ ಮೊಸರಿನಂಥದ್ದು. ಅದಕ್ಕೆ ಒಂದಿಷ್ಟು ಶೇಂಗಾ ಚಟ್ನಿ ಹಚ್ಚಿಕೊಂಡರೆ ನಮ್ಮದೇ ಊಟ.

ಒಂದು ಬೆಳಗ್ಗೆ ಕೆಂಪು ದೀಪವಿದ್ದಾಗ ರಸ್ತೆ ದಾಟಲು ಹೊರಟೆ. ಎರಡೂ ಕಡೆ ಒಂದು ಸೈಕಲ್ಲೂ ಇರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ನಿಲ್ಲಿಸಿ, ತಮ್ಮ ಭಾಷೆಯಲ್ಲಿ ಚೆನ್ನಾಗಿ ಬೈದರು. ಹಸಿರು ಬಂದ ಮೇಲೆ ಅವರೇ ಕೈ ಹಿಡಿದು ದಾಟಿಸಿದರು. ನಿಪ್ಪಾಣಿ ಸ್ಟ್ಯಾಂಡಿನ ಮುಂದೆ ಅವರನ್ನು ನಿಲ್ಲಿಸಿದರೆ ಸಂಜೆಯವರೆಗೆ ಅಲ್ಲೇ ಇರುತ್ತಿದ್ದರು.

ಅಂಟುಟೇಪಿನ ವಿದ್ಯೆ

ಕೆಲಸದ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಕೆಲವು ಹರಳುಗಳು ಪದರ ಪದರವಾಗಿರುತ್ತವೆ. ಮೇಲೆ ಅಂಟುಟೇಪು ಒತ್ತಿ ಕಿತ್ತರೆ ಪದರ ಟೇಪಿಗೆ ಬರುತ್ತದೆ. ಅದಕ್ಕೆ ಇನ್ನೊಂದು ಟೇಪು ಒತ್ತಿ ಮತ್ತೆ ಕಿತ್ತರೆ ಇನ್ನೂ ತೆಳುವಾಗುತ್ತದೆ. ಹೀಗೆ ಕೀಳುತ್ತ ಹೋದರೆ ಕೊನೆಗೆ ಒಂದೇ ಪರಮಾಣುವಿನ ದಪ್ಪದ ಹಾಳೆ ಉಳಿಯುತ್ತದೆ. ಇಷ್ಟು ದೊಡ್ಡ ವಿಜ್ಞಾನ ನಿಂತಿರುವುದು ಸ್ಟೇಶನರಿ ಅಂಗಡಿಯ ಟೇಪಿನ ಮೇಲೆ ಮತ್ತು ಹೆಬ್ಬೆರಳಿನ ಮೇಲೆ.

ನನ್ನ ಹೆಬ್ಬೆರಳು ತೊಗಲಿನಿಂದ ಕಲಿತದ್ದು. ಎಷ್ಟು ಒತ್ತಬೇಕು, ಯಾವ ಕೋನದಲ್ಲಿ ಎಳೆದರೆ ಹರಿಯುವುದಿಲ್ಲ ಎಂಬುದು ಪುಸ್ತಕದಲ್ಲಿಲ್ಲ. ಪುಣೆಯ ಒಂದು ಕಾರ್ಯಾಗಾರದಲ್ಲಿ ನಾನು ಕಿತ್ತ ಹಾಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಪ್ರೊಫೆಸರ್ ವಿತೋಲ್ಡ್ ನನ್ನನ್ನು ಕರೆದಿದ್ದರು. ಅರವತ್ತು ದಾಟಿದ, ಬಿಳಿ ಗಡ್ಡದ, ಸೌಮ್ಯ ಮನುಷ್ಯ. ಅವ್ವ ಕೊಟ್ಟ ಚಪ್ಪಲಿಯನ್ನು ಕಾಲುಚೀಲದ ಮೇಲೆ ಹಾಕಿಕೊಂಡು ಕಾರಿಡಾರಿನಲ್ಲಿ ಕರ್ರ್ ಕರ್ರ್ ಎಂದು ಸದ್ದು ಮಾಡುತ್ತ ಓಡಾಡಿದರು. ಮೊದಲ ಸಭೆಯಲ್ಲಿ ನನ್ನ ಎರಡೂ ಕೈ ಮೇಲೆತ್ತಿ ತೋರಿಸಿ, "ಈ ಕೈಗಳನ್ನು ನೋಡಿ. ಇವುಗಳ ಮನೆಯವರು ತಲೆಮಾರುಗಳಿಂದ ಪದರ ಜೋಡಿಸುತ್ತ ಬಂದಿದ್ದಾರೆ" ಎಂದರು.

ಅದು ನನಗೆ ಎಷ್ಟು ದೊಡ್ಡ ಮಾತು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಊರಿನ ಸ್ಟಾಫ್‌ರೂಮಿನಲ್ಲಿ ಒಬ್ಬ ಹಿರಿಯರು, ನಾನು ಕೇಳಲಿ ಎಂದೇ, "ಚಪ್ಪಲಿ ಹೊಲಿಯೋ ಕೈಯಾಗ ಚಾಕ್ ಕೊಟ್ಟಾರ" ಎಂದಿದ್ದರು. ಅದಕ್ಕೆ ನಾನು ಆ ದಿನ ಉತ್ತರ ಕೊಟ್ಟಿರಲಿಲ್ಲ. ಪೊಜ್ನಾನಿನ ಆ ಕೋಣೆಯಲ್ಲಿ ಉತ್ತರ ಸಿಕ್ಕಿತು ಅನ್ನಿಸಿತು. ಆ ಹೊತ್ತಿನಿಂದ ನನ್ನ ಕೈ ತಪ್ಪಬಾರದ ಕೈಯಾಯಿತು.

ಮಾಡಬೇಕಿದ್ದುದು ಹೀಗೆ. ಬೋರಾನ್ ನೈಟ್ರೈಡ್ ಎಂಬ ಹರಳಿನ ಒಂಟಿ ಹಾಳೆ ತೆಗೆದು, ನಡುವೆ ಹರಿದು, ಒಂದು ಅರ್ಧವನ್ನು ಎತ್ತಿ ಇನ್ನೊಂದು ಅರ್ಧದ ಮೇಲೆ ಇಡಬೇಕು. ಎರಡೂ ಅರ್ಧಗಳು ಒಂದೇ ದಿಕ್ಕಿಗೆ ಕೂತರೆ, ಒಂಟಿ ಹಾಳೆಯಲ್ಲಿ ಇಲ್ಲದ ವಿದ್ಯುತ್ತಿನ ಮೇಲು-ಕೆಳಗು ಜೋಡಿಯಲ್ಲಿ ಹುಟ್ಟುತ್ತದೆ. ಒಂದು ಅರ್ಧ ತಿರುಗಿಬಿಟ್ಟು ತಲೆಯ ಕಡೆಗೆ ಕಾಲು ಬಂದರೆ ಒಂದರ ಗುಣ ಇನ್ನೊಂದನ್ನು ಅಳಿಸಿಬಿಡುತ್ತದೆ, ಏನೂ ಹುಟ್ಟುವುದಿಲ್ಲ. ಸರಿಯಾಗಿ ಕೂತ ಜೋಡಿಯ ಮೇಲೆ ಕ್ರೋಮಿಯಮ್ ಅಯೋಡೈಡ್ ಎಂಬ ಕಾಂತಗುಣದ ಹಾಳೆ ಹೊದಿಸಿದರೆ ಅಣ್ಣನ ಚಹಾದವನು ಸಿದ್ಧ. ಈ ಕೊನೆಯ ಹಾಳೆಗೆ ಗಾಳಿ ತಾಗಿದರೆ ಕ್ಷಣದಲ್ಲಿ ಕೆಡುತ್ತದೆ. ಅದನ್ನು ಗಾಜಿನ ಪೆಟ್ಟಿಗೆಯೊಳಗೆ, ಅದಕ್ಕೇ ಜೋಡಿಸಿದ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ ಮಾಡಬೇಕು.

ಹಾಳೆ ಜೋಡಿಸುವುದು ನನ್ನ ಪಾಲು. ಸಿದ್ಧವಾದ ಪದರಗಳಿಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿ ಹಚ್ಚುವುದು ಕಾಶಾಳ ಪಾಲು. ಅವಳು ಹಾಳೆ ಕೂರಿಸುವ ಪ್ರತಿ ಚೌಕ ಬಿಲ್ಲೆಯ ಮೂಲೆಯಲ್ಲಿ ವಜ್ರದ ಮೊನೆಯಿಂದ ಸಣ್ಣ ಬಾಣ ಗೀರುತ್ತಿದ್ದಳು, ದಿಕ್ಕು ತಪ್ಪದಿರಲಿ ಎಂದು.

"ನಿಮ್ಮ ಬಿಲ್ಲೆಗಳಿಗೂ ಬಾಣ ಹಾಕಲೇ?" ಎಂದು ಕೇಳಿದಳು.

"ಬೇಡ. ನಮ್ಮ ಮನೆಯಲ್ಲಿ ಎಡಗಾಲು ಬಲಗಾಲು ಎಂದು ಯಾರೂ ಗುರುತು ಹಾಕುವುದಿಲ್ಲ. ಕೈಗೆ ಗೊತ್ತಿರುತ್ತದೆ."

ಅವಳು ಹೌದೇ ಎಂದು ಬೆರಗಿನಿಂದ ನೋಡಿದಳು. ನನ್ನ ಮಾತನ್ನು ಅವಳು ನಂಬಿದಳು.

ಕಾಶಾಳ ಮನೆ, ರವಿವಾರ

ಕಾಶಾ ತನ್ನ ಅಜ್ಜಿಯ ಜೊತೆ ನಾಲ್ಕನೇ ಮಹಡಿಯಲ್ಲಿ ಇದ್ದಳು. ರವಿವಾರ ಊಟಕ್ಕೆ ಕರೆದಳು. ಬಾಗಿಲಲ್ಲಿ ಅಜ್ಜಿಗೆ ಕೈ ಕೊಡಲು ಹೋದರೆ ಅವರು ಹಿಂದೆ ಸರಿದರು. ಹೊಸ್ತಿಲಿನ ಮೇಲೆ ಕೈ ಕುಲುಕಿದರೆ ಜಗಳವಾಗುತ್ತದಂತೆ. ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಬಾರದು ಎಂದು ಅವ್ವನೂ ಹೇಳುತ್ತಾಳೆ. ಒಳಗೆ ಹೋದ ಮೇಲೆ ಅಜ್ಜಿ ಎರಡೂ ಕೈ ಹಿಡಿದು ಕೂರಿಸಿ, ಮೂರು ಸಲ ಸೂಪು ಬಡಿಸಿದರು.

ಅಲ್ಲಿ ಮನೆಗೆ ಬಂದವರು ಬೂಟು ಕಳಚಿ ಅವರು ಕೊಡುವ ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕು. ಕಾಶಾ ಮಾತ್ರ ಅವ್ವನ ಚಪ್ಪಲಿ ಹಾಕಿದ್ದಳು, ಅಳತೆ ಸರಿಯಾಗಿ ಕೂತಿತ್ತು. ಕಟ್ಟಿದ ದಾರವನ್ನೂ ಬಿಸಾಡದೆ ಕಿಟಕಿಯಲ್ಲಿಟ್ಟಿದ್ದಳು.

ಊಟದ ನಂತರ ಅವಳು ತನ್ನ ಮಾತು ಹೇಳಿದಳು. ಆರು ವರ್ಷದಿಂದ ಇದೇ ಕೆಲಸ. ಡಾಕ್ಟರೇಟಿನ ಅವಧಿ ಮಾರ್ಚಿಗೆ ಮುಗಿಯುತ್ತದೆ. ಪದರಗಳ ಕಾಂತ, ವಿದ್ಯುತ್ತು ಎರಡನ್ನೂ ಒಟ್ಟಿಗೆ ಅಳೆಯುವ ಅತಿಶೀತದ ಯಂತ್ರ ವಾರ್ಸಾದಲ್ಲಿದೆ, ಅದರಲ್ಲಿ ಐದು ದಿನ ಸಿಗಲು ಒಂದು ವರ್ಷ ಕಾದಿದ್ದಾಳೆ. ಆ ಐದು ದಿನ ನವೆಂಬರಿನಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಒಳ್ಳೆಯ ಕಾಂತದ ಹರಳು ಇನ್ನು ಎರಡೇ ಉಳಿದಿವೆ.

"ಆಮೇಲೆ ಏನು ಮಾಡಬೇಕೆಂದಿದ್ದೀ?" ಎಂದೆ.

"ಇದೇ. ನನಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಿಲ್ಲ" ಎಂದಳು. ನಂತರ ಸ್ವಲ್ಪ ನಾಚಿ, "ನೀವು ಬಂದಿರಲ್ಲ, ಇನ್ನು ಭಯವಿಲ್ಲ" ಎಂದಳು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಮೊಮ್ಮಗಳ ಮುಖ ನೋಡಿ ನನಗೆ ಇನ್ನೊಂದು ಬಟ್ಟಲು ಸೂಪು ಹಾಕಿದರು.

ಒಂದು ಶುಕ್ರವಾರ

ಅಕ್ಟೋಬರಿನ ಒಂದು ಶುಕ್ರವಾರ ಬೆಳಗ್ಗೆ ದೊಡ್ಡ ಹಾಳೆಯೊಂದು ಸಿಕ್ಕಿತು. ಇಡೀ ಶರತ್ಕಾಲದಲ್ಲಿ ಅಂಥದ್ದು ಬಂದಿರಲಿಲ್ಲ. ಅದನ್ನು ಸರಿಯಾಗಿ ನಡುವೆ ಹರಿದೆ. ಒಂದು ಅರ್ಧವನ್ನು ಅಂಟು ಮೆತ್ತಿದ ಗಾಜಿನ ಪಟ್ಟಿಯಿಂದ ಎತ್ತಿದೆ. ಇನ್ನೊಂದು ಅರ್ಧ ಬಿಲ್ಲೆಯ ಮೇಲೆ ಉಳಿಯಿತು. ಇನ್ನು ಪಟ್ಟಿಯನ್ನು ಚೂರು ಸರಿಸಿ ಕೆಳಗಿಳಿಸುವುದಷ್ಟೇ ಬಾಕಿ. ಕಾಶಾ ಬೇರೆ ಕೋಣೆಯಲ್ಲಿದ್ದಳು.

ಆಗ ಬೆಂಕಿಯ ಗಂಟೆ ಹೊಡೆಯಿತು. ಅಭ್ಯಾಸಕ್ಕೆ ಹೊಡೆಯುವುದಂತೆ, ಆದರೂ ಎಲ್ಲರೂ ಹೊರಗೆ ಹೋಗಲೇಬೇಕು. ನಮ್ಮಲ್ಲಾದರೆ "ಟೆಸ್ಟಿಂಗ್ ಐತಿ ತಗೋ" ಎಂದು ಕೂತಿರುತ್ತಿದ್ದೆವು. ಧೂಳು ಬಿದ್ದೀತೆಂದು ಬಿಲ್ಲೆಯನ್ನೂ ಗಾಜಿನ ಪಟ್ಟಿಯನ್ನೂ ಜೋಡಿಸುವ ಯಂತ್ರದಿಂದ ತೆಗೆದು ಒಂದೇ ಚಿಕ್ಕ ಡಬ್ಬಿಯಲ್ಲಿ ಪಕ್ಕಪಕ್ಕ ಇಟ್ಟು ಮುಚ್ಚಿ ಹೊರಗೆ ಓಡಿದೆ.

ಹೊರಗೆ ಹುಲ್ಲಿನ ಮೇಲೆ ಇಡೀ ಕಟ್ಟಡದವರು ತಮ್ಮ ತಮ್ಮ ನೋವು ಹೇಳಿಕೊಳ್ಳುತ್ತ ನಿಂತಿದ್ದರು. ಅರ್ಧ ತಾಸಿನ ಮೇಲೆ ಒಳಗೆ ಬಂದು, ಡಬ್ಬಿಯಿಂದ ಎರಡನ್ನೂ ತೆಗೆದು, ಅವು ಇದ್ದಂತೆಯೇ ಯಂತ್ರಕ್ಕೆ ಹಾಕಿ, ಒಂದರ ಮೇಲೆ ಒಂದನ್ನು ಇಳಿಸಿದೆ. ಗುಳ್ಳೆ ಇಲ್ಲ, ಸುಕ್ಕು ಇಲ್ಲ, ಅಂಥ ಜೋಡಿಯನ್ನು ನಾನು ಮತ್ತೆ ಮಾಡಿಲ್ಲ. ರೂಢಿಯಂತೆ ಹರಿಯುವ ಮೊದಲೊಂದು, ಜೋಡಿಸಿದ ಮೇಲೊಂದು ಫೋಟೋ ತೆಗೆದಿಟ್ಟೆ.

ಕಾಶಾ ಬಂದು ನೋಡಿ ಚಪ್ಪಾಳೆ ತಟ್ಟಿದಳು. "ವಿದ್ಯುತ್ತಿನ ಗುಣ ಬಂದಿದೆಯೇ ಎಂದು ಮೊದಲೇ ಒಮ್ಮೆ ಪರೀಕ್ಷಿಸೋಣವೇ? ಇಲ್ಲಿನ ಪರೀಕ್ಷೆಯ ಯಂತ್ರಕ್ಕೆ ಒಂದು ವಾರ ಸರದಿ ಇದೆ" ಎಂದಳು.

"ಒಂದು ವಾರ ಯಾಕೆ ಕಳೆಯಬೇಕು? ಒಂದೇ ಹಾಳೆಯ ಎರಡು ಅರ್ಧ. ಬೇರೆ ದಿಕ್ಕು ಎಲ್ಲಿಂದ ಬರಬೇಕು?" ಎಂದೆ. ಪ್ರೊಫೆಸರರೂ ನನ್ನ ಮಾತಿಗೇ ತಲೆಯಾಡಿಸಿದರು. ಮುಂದಿನ ವಾರ ಇಬ್ಬರೂ ಸೇರಿ ಗಾಜಿನ ಪೆಟ್ಟಿಗೆಯೊಳಗೆ ಕಾಂತದ ಹಾಳೆ ಹೊದಿಸಿದೆವು. ಕಾಶಾ ಅದೇ ಪೆಟ್ಟಿಗೆಯ ಮುಂದೆ ಎಂಟು ದಿನ ಕೂತು, ಒಳಗೇ ತಂತಿ ಹಚ್ಚಿದಳು.

ವಾರ್ಸಾ, ಐದು ದಿನ

ಇಬ್ಬರೇ ರೈಲಿನಲ್ಲಿ ವಾರ್ಸಾಗೆ ಹೋದೆವು. ಪದರ ಇದ್ದ, ಗಾಳಿಯಾಡದ ಲೋಹದ ಡಬ್ಬಿಯನ್ನು ಕಾಶಾ ಮಡಿಲಲ್ಲಿಟ್ಟುಕೊಂಡು ಮೂರು ತಾಸು ಕೂತಿದ್ದಳು. ಯಡೂರಿನ ವೀರಭದ್ರನಿಗೆ ಹರಕೆಯ ಕಾಯಿ ಒಯ್ಯುವವರು ಹೀಗೆ ಕೂರುವುದನ್ನು ನೋಡಿದ್ದೇನೆ.

ಮೊದಲ ದಿನ ಯಂತ್ರ ತಣ್ಣಗಾಗಲು ಹೋಯಿತು. ಎರಡನೇ ದಿನ ಕಾಂತದ ಗುಣ ಚೊಕ್ಕವಾಗಿ ಬಂತು. ಕಾಶಾ ಕೂಡಲೇ ಅಜ್ಜಿಗೆ ಫೋನು ಮಾಡಿದಳು. ಮೂರನೇ ದಿನ ವಿದ್ಯುತ್ತಿನ ಪಾಳಿ. ವಿದ್ಯುತ್ ಒತ್ತಡ ಕೊಟ್ಟರೆ ಪರದೆಯ ಮೇಲಿನ ಗೆರೆ ಒಂದು ಕಡೆ ಜಿಗಿಯಬೇಕು, ತಿರುಗಿಸಿ ಕೊಟ್ಟರೆ ಇನ್ನೊಂದು ಕಡೆ. ಗೆರೆ ಅಲುಗಲಿಲ್ಲ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಅದು ನೇರವಾಗಿಯೇ ಇತ್ತು.

"ತಂತಿ ಇರಬೇಕು" ಎಂದಳು ಕಾಶಾ. ಅವಳ ಮುಖ ಬಿಳಿಚಿತ್ತು. ಒಂದೊಂದೇ ತಂತಿಯನ್ನು ಮತ್ತೆ ಪರೀಕ್ಷಿಸಲು ಕೂತಳು. ಸುಮ್ಮನೆ ಕೂರಲಾಗದೆ ನಾನು ಲ್ಯಾಪ್‌ಟಾಪಿನಲ್ಲಿ ಆ ಶುಕ್ರವಾರದ ಫೋಟೋಗಳನ್ನು ತೆರೆದೆ.

ಮೊದಲ ಫೋಟೋದಲ್ಲಿ ಹಾಳೆಯ ಮೇಲಂಚಿನ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಕಚ್ಚು ಇತ್ತು. ಹರಿದಾಗ ಪ್ರತಿ ಅರ್ಧಕ್ಕೂ ಒಂದು ಕಚ್ಚು ಬಂದಿತ್ತು. ಎರಡನೇ ಫೋಟೋದಲ್ಲಿ ಅವೆರಡೂ ಮೇಲೇ ಇರಬೇಕಿತ್ತು. ಒಂದು ಮೇಲಿತ್ತು, ಇನ್ನೊಂದು ಕೆಳಗಿತ್ತು. ಡಬ್ಬಿ ಕಣ್ಣ ಮುಂದೆ ಬಂತು. ಗಡಿಬಿಡಿಯಲ್ಲಿ ನನ್ನ ಕೈ ಎರಡು ವಸ್ತುಗಳನ್ನು ಜೋಡಿಯೆಂದುಕೊಂಡು ಮೂತಿಗೆ ಹಿಮ್ಮಡಿ ಇಟ್ಟಿತ್ತು. ಹಾಗೆ ಇಟ್ಟದ್ದು ನನಗೆ ನೆನಪೇ ಇಲ್ಲ, ನೆನಪಿರುವ ಕೆಲಸವೂ ಅಲ್ಲ ಅದು. ತೆಗೆದು ಇದ್ದಂತೆಯೇ ಯಂತ್ರಕ್ಕೆ ಹಾಕಿದ್ದೆ. ನಮ್ಮ ಓಣಿಯಲ್ಲಿ ಹುಟ್ಟದ ಯಾರಿಂದಲೂ ಈ ತಪ್ಪು ಆಗುತ್ತಿರಲಿಲ್ಲ.

ಹೇಳಬೇಕೆಂದು ಎದ್ದೆ. ಕಾಶಾಳ ಬೆನ್ನ ಹಿಂದೆ ಹೋಗಿ ನಿಂತೆ. "ಈ ಕೈಗಳನ್ನು ನೋಡಿ" ಎಂದ ಪ್ರೊಫೆಸರರು, ಚಾಕಿನ ಮಾತಾಡಿದ ಸ್ಟಾಫ್‌ರೂಮಿನ ಹಿರಿಯರು, ಇಬ್ಬರೂ ಒಟ್ಟಿಗೆ ನೆನಪಾದರು. ನಾಳೆ ಹೇಳಿದರಾಯಿತು ಅಂದುಕೊಂಡೆ. ಲ್ಯಾಪ್‌ಟಾಪು ಮುಚ್ಚಿ ಅವಳಿಗೆ ಚಹಾ ತಂದುಕೊಟ್ಟೆ. ಆ ಚಹಾಕ್ಕೆ ಅವಳು ಎರಡು ಸಲ ಧನ್ಯವಾದ ಹೇಳಿದಳು.

ಐದನೇ ದಿನ ಪ್ರೊಫೆಸರ್ ಫೋನಿನಲ್ಲಿ ಬಂದರು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. "ಪದರದಲ್ಲಿ ದೋಷವಿದ್ದರೆ ಉಳಿದಿರುವ ಹರಳಿನಿಂದ ಇನ್ನೊಂದು ಮಾಡಿ ಫೆಬ್ರವರಿಗೆ ಮತ್ತೆ ದಿನ ಕೇಳಬಹುದಿತ್ತು. ಪದರ ಸುವರ್ಣಾ ಮಾಡಿದ್ದು, ಅದು ಸರಿಯಾಗಿದೆ. ತಂತಿ ಹಚ್ಚುವ ಕೈಯೇ ತಪ್ಪಿದರೆ ನಾನು ವಾರ್ಸಾದವರನ್ನು ಏನೆಂದು ಕೇಳಲಿ, ಕಾಶಾ?"

ಕಾಶಾ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಒಂದೇ ಒಂದು ವಾಕ್ಯ ಬೇಕಿತ್ತು, ಅವಳ ಫೆಬ್ರವರಿ ಅವಳಿಗೆ ಸಿಗುತ್ತಿತ್ತು. "ಕ್ಷಮಿಸಿ, ಪ್ರೊಫೆಸರ್" ಎಂದಳು ಅವಳು.

ಪೊಜ್ನಾನ್ ಸ್ಟೇಷನ್

ಹೊರಡುವ ದಿನ ಅವಳೇ ಸ್ಟೇಷನ್ನಿಗೆ ಬಂದಳು. ಅಜ್ಜಿ ಕಟ್ಟಿಕೊಟ್ಟ ಗಸಗಸೆಯ ರೊಟ್ಟಿಯನ್ನು ನನ್ನ ಚೀಲಕ್ಕೆ ಹಾಕಿದಳು. ಡಾಕ್ಟರೇಟನ್ನು ಕಾಂತದ ಭಾಗ ಮಾತ್ರ ಬರೆದು ಮುಗಿಸುತ್ತೇನೆ ಎಂದಳು. ಆರು ವರ್ಷದ ಅರ್ಧ.

"ನಿಮ್ಮಂಥ ಕೈ ನನಗಿದ್ದಿದ್ದರೆ" ಎಂದು ನಕ್ಕಳು.

ಆಗಲೂ ಹೇಳಬಹುದಿತ್ತು. ರೈಲು ಬರಲು ಹನ್ನೊಂದು ನಿಮಿಷವಿತ್ತು, ತಲೆಯ ಮೇಲಿನ ಫಲಕದಲ್ಲಿ ಕಾಣುತ್ತಿತ್ತು. ಆ ಹನ್ನೊಂದು ನಿಮಿಷ ನಾನು ಕಾಶ್ಯಾನ ಎಮ್ಮೆಗಳ ಬಗ್ಗೆ ಮಾತಾಡಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಕೆಟ್ಟ ಹನ್ನೊಂದು ನಿಮಿಷ ನನಗೆ ಗೊತ್ತಿಲ್ಲ.

ಚಿಕ್ಕೋಡಿ

ಬಂದ ಮೇಲೆ ಕಾಲೇಜಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಸ್ಟಾಫ್‌ರೂಮಿನ ಆ ಹಿರಿಯರೇ ಹಾರ ಹಾಕಿದರು. ಹಾರ ಹಾಕಿಸಿಕೊಳ್ಳುವಾಗ ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಕಾಶಾಳ ಪತ್ರಗಳು ಮೊದಮೊದಲು ಬರುತ್ತಿದ್ದವು. ನಾನು ಚಿಕ್ಕ ಉತ್ತರ ಬರೆಯುತ್ತ ಬಂದೆ. ಅವೂ ಚಿಕ್ಕದಾಗಿ ಕೊನೆಗೆ ನಿಂತವು. ಈ ಬೇಸಿಗೆಯಲ್ಲಿ ಅಥಣಿಗೆ ಹೋದಾಗ ಅವ್ವ ಕೇಳಿದಳು:

"ಆ ಹುಡುಗಿ ಹೆಂಗದಾಳ? ಒಂದೂವರಿ ವರ್ಷಾತು, ಅಂಗಾಲು ಸವದಿರ್ತೈತಿ. ಇನ್ನೊಂದು ಜೋಡಿ ಮಾಡಿ ಕಳಸೂಣ?"

ಆಗ ಅವ್ವನಿಗೆ ಎಲ್ಲ ಹೇಳಿದೆ. ಅಣು, ಹಾಳೆ ಅವಳಿಗೆ ತಿಳಿಯದಿದ್ದರೂ ತಿರುಗಿ ಕೂತ ಜೋಡಿ ತಿಳಿಯಿತು. ಹಾಕುತ್ತಿದ್ದ ಹೆಣಿಕೆಯನ್ನು ಪಕ್ಕಕ್ಕಿಟ್ಟಳು.

"ತೊಗಲು ಕೊಯ್ಯೂವಾಗ ತಪ್ಪಿದ್ರ ಕೊಯ್ದಾಂವ ಅಲ್ಲೇ ಹೇಳಬೇಕವ್ವಾ. ಹೇಳಲಿಲ್ಲಂದ್ರ ತಪ್ಪು ಹೊಲಿದಾಕಿ ಮ್ಯಾಲ ಬರ್ತೈತಿ. ಇದು ನಿನಗ ಗೊತ್ತಿರ್ಲಿಲ್ಲೇನು?"

"ಗೊತ್ತಿತ್ತವ್ವಾ."

"ಮತ್ತ?"

ಅದೇ ವಾರ ಎರಡೂ ಫೋಟೋ ಇಟ್ಟು ಕಾಶಾಗೆ ಬರೆದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು. ಪದವಿ ಸಿಕ್ಕಿದೆ, ಈಗ ಒಂದು ಚಿಕ್ಕ ಊರಿನ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಿದ್ದೇನೆ, ಮಕ್ಕಳು ಒಳ್ಳೆಯವರು ಎಂದು ಬರೆದಿದ್ದಳು. ಹೋದ ವಸಂತದಲ್ಲಿ ಎರಡು ಪ್ರಯೋಗಶಾಲೆಗಳಿಗೆ ಅರ್ಜಿ ಹಾಕಿದ್ದಳಂತೆ. ಎರಡೂ ಕಡೆ ಮಾತುಕತೆ ಚೆನ್ನಾಗಿ ನಡೆದು, ಕೊನೆಯಲ್ಲಿ ಯಾಕೋ ಬೇಡವೆಂದರಂತೆ. ಕಾರಣ ಇವತ್ತಿಗೂ ತಿಳಿದಿಲ್ಲ ಎಂದಿದ್ದಳು.

ಕೊನೆಗೆ ಹೀಗಿತ್ತು: "ನೀವು ನನಗೆ ಬರೆದದ್ದಕ್ಕೆ ಸಿಟ್ಟಿಲ್ಲ. ಆದರೆ ಆ ತಂತಿಗಳನ್ನು ವಾರ್ಸಾದಲ್ಲಿ ಮೂರು ಸಲ ಪರೀಕ್ಷಿಸಿದ್ದೆ. ನನ್ನ ಕೈ ಸರಿಯಿತ್ತೆಂದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿಲ್ಲದವರು ಪ್ರೊಫೆಸರ್."

ತಪ್ಪು ಒಪ್ಪಿಕೊಳ್ಳುವಾಗಲೂ ನಾನು ಸುಲಭದ ಬಾಗಿಲನ್ನೇ ತಟ್ಟಿದ್ದೆ. ಮರುದಿನ ಬೆಳಗ್ಗೆ ಪಾಠಕ್ಕೆ ಹೋಗುವ ಮೊದಲು ಪ್ರೊಫೆಸರ್ ವಿತೋಲ್ಡರಿಗೆ ಬರೆದೆ. ಏನನ್ನೂ ಬಿಡಲಿಲ್ಲ, ಡಬ್ಬಿಯನ್ನೂ, ಚಹಾವನ್ನೂ, ಕಿಟಕಿಯ ಕಡೆ ನೋಡಿದ್ದನ್ನೂ.

ಅವರ ಉತ್ತರ ಎರಡು ದಿನದಲ್ಲಿ ಬಂತು. ನನ್ನ ಮೇಲೆ ಒಂದು ಕಠಿಣ ಮಾತೂ ಇರಲಿಲ್ಲ. ಹೋದ ವರ್ಷ ಎರಡು ಪ್ರಯೋಗಶಾಲೆಯವರು ಕಾಶಾಳ ಬಗ್ಗೆ ತಮ್ಮ ಅಭಿಪ್ರಾಯ ಕೇಳಿದ್ದರು, ಹುಡುಗಿಗೆ ಶ್ರದ್ಧೆಯಿದೆ, ಕೈಯನ್ನು ಮಾತ್ರ ನಂಬುವಂತಿಲ್ಲ ಎಂದು ತಾವು ಇಬ್ಬರಿಗೂ ಬರೆದಿದ್ದಾಗಿ ತಿಳಿಸಿದ್ದರು. ಈಗ ಇಬ್ಬರಿಗೂ ಮತ್ತೆ ಬರೆಯುತ್ತಾರಂತೆ. ಆ ಜಾಗಗಳಿಗೆ ಬೇರೆಯವರು ಸೇರಿ ಆಗಲೇ ಒಂದು ವರ್ಷವಾಗಿದೆ.